ಹೀರೋ ಓಡಿ ಬಚಾವಾದ… ನಾವು ಓಡಿದರೆ?

"ಕಾಕಾ, ಸುನಾಮಿ ಬಂದ್ರ ದೂರದಿಂದನ ಕಾಣ್ತೈತಲ್ಲ? ಗುಡ್ಡದಷ್ಟು ಎತ್ತರ ಇರ್ತೈತಿ. ನೋಡಿ ಓಡಿದ್ರಾತು!"

ಹೀಗೆಂದವನು ನನ್ನ ಅಣ್ಣನ ಮಗ. ಆರನೇ ಇಯತ್ತೆ. ನಮ್ಮೂರು ಮುಂಡಗೋಡ ತಾಲ್ಲೂಕಿನ ಇಂದೂರ. ಶಾಲೆಯವರು ಗೋಕರ್ಣ, ಮುರ್ಡೇಶ್ವರಕ್ಕೆ ಟ್ರಿಪ್ ಹೊರಡಿಸಿದ್ದರು. ಹುಡುಗ ಹುಟ್ಟಿದಾಗಿನಿಂದ ಸಮುದ್ರ ಕಂಡವನಲ್ಲ. ಕಂಡದ್ದೆಲ್ಲ ಮೊಬೈಲಿನೊಳಗಿನ ಸಮುದ್ರ! ಹಿಂದಿನ ರಾತ್ರಿಯಷ್ಟೇ 'ಸ್ಯಾನ್ ಆಂಡ್ರಿಯಾಸ್' ಚಿತ್ರದ ಹಿಂದಿ ಡಬ್ಬಿಂಗ್ ನೋಡಿ ಮುಗಿಸಿದ್ದ.

ನನಗೆ ನಗು ಬಂತು. ಮರುಗಳಿಗೆಯೇ ಹೊಟ್ಟೆಯಲ್ಲಿ ಚುಳ್ ಅಂದಿತು. ಯಾಕೆಂದರೆ 2015ರಲ್ಲಿ ಕಾಲೇಜಿಗೆ ಚಕ್ಕರ್ ಹೊಡೆದು, ಹುಬ್ಬಳ್ಳಿಯಲ್ಲಿ ಇದೇ ಚಿತ್ರ ನೋಡಿ ಶಿಳ್ಳೆ ಹಾಕಿದವ ನಾನು. ಪಿಯುಸಿ ಅರ್ಧಕ್ಕೇ ಬಿಟ್ಟ ನನ್ನಂಥವರಿಗೆ ಸಿನಿಮಾನೇ ಭೂಗೋಳದ ಮೇಷ್ಟ್ರು. ಆ ಮೇಷ್ಟ್ರು ಹೇಳಿದ್ದು ಎಷ್ಟು ನಿಜ, ಬಿಟ್ಟದ್ದು ಎಷ್ಟು ಬುರುಡೆ? ಚಿತ್ರರಸಿಕರೇ, ಬನ್ನಿ, ಸ್ವಲ್ಪ ಲೆಕ್ಕ ಹಾಕೋಣ.

ಭೂಮಿ ಬಾಯಿ ಬಿಡುತ್ತದೆಯೇ?

'ಸ್ಯಾನ್ ಆಂಡ್ರಿಯಾಸ್' ಚಿತ್ರದ ನಾಯಕ ಡ್ವೇನ್ ಜಾನ್ಸನ್. ಆಳು ಬಂಡೆಯಂಥವನು. ಅವನೆದುರಿಗೇ ಭೂಮಿ ಬಾಯ್ತೆರೆದು ಕಂದಕವಾಗುತ್ತದೆ. ಭೂಕಂಪದ ಅಳತೆ 9.6!

ಈಗ ನಿಮ್ಮ ಎರಡೂ ಅಂಗೈ ಒತ್ತಿ ಹಿಡಿದು ಒಂದನ್ನು ಮುಂದಕ್ಕೆ, ಇನ್ನೊಂದನ್ನು ಹಿಂದಕ್ಕೆ ಉಜ್ಜಿ ನೋಡಿ. ಕ್ಯಾಲಿಫೋರ್ನಿಯಾದ ಸ್ಯಾನ್ ಆಂಡ್ರಿಯಾಸ್ ಬಿರುಕು ಇರುವುದೇ ಹೀಗೆ. ಎರಡು ಕಡೆಯ ನೆಲ ಪಕ್ಕಪಕ್ಕದಲ್ಲಿ ಉಜ್ಜಿಕೊಂಡು ಜಾರುತ್ತದೆ. ಆ ಉಜ್ಜಾಟದಿಂದಲೇ ಕಂಪನ. ಅಂಗೈ ಎರಡೂ ದೂರ ಸರಿದರೆ ಉಜ್ಜಾಟವೆಲ್ಲಿ? ಅಂದರೆ ಕಂದಕ ಬಾಯಿಬಿಟ್ಟರೆ ಭೂಕಂಪವೇ ನಿಂತುಹೋಗಬೇಕು! ನೆಲ ಅಲ್ಲಲ್ಲಿ ಸೀಳುವುದುಂಟು, ಕುಸಿಯುವುದುಂಟು. ಆದರೆ ಊರನ್ನೇ ನುಂಗುವ ಪಾತಾಳ ಸೆಟ್ಟಿನಲ್ಲಿ ಮಾತ್ರ.

ಆ ಬಿರುಕು 8.3ರ ಆಸುಪಾಸು ದಾಟಲಾರದು ಅನ್ನುವುದು ವಿಜ್ಞಾನಿಗಳ ಲೆಕ್ಕ. 8.3ಕ್ಕೂ 9.6ಕ್ಕೂ ಏನು ಮಹಾ ಫರಕು ಅಂತೀರಾ? ಈ ಅಳತೆಯಲ್ಲಿ ಒಂದು ಅಂಕ ಏರಿದರೆ ಶಕ್ತಿ ಸುಮಾರು 32 ಪಟ್ಟು ಏರುತ್ತದೆ. ನಿರ್ದೇಶಕ ಬ್ರ್ಯಾಡ್ ಪೇಟನ್ ಒಂದೇ ಏಟಿಗೆ ಸುಮಾರು 90 ಪಟ್ಟು ಮಸಾಲೆ ಸುರಿದಿದ್ದಾನೆ! ಆದರೂ ಒಂದು ಮಾತು ಒಪ್ಪಬೇಕು: ನೆಲ ನಡುಗಿದಾಗ ಮೇಜಿನ ಕೆಳಗೆ ನುಸುಳಿ ಎಂದು ಅದೇ ಚಿತ್ರದ ಪ್ರೊಫೆಸರ್ ಕೂಗುತ್ತಾನಲ್ಲ, ಅದು ಬಂಗಾರದಂಥ ಮಾತು.

ಅಣೆಕಟ್ಟು ಒಡೆಯಿತು… ಒಡೆಯಲಿಲ್ಲ!

ಅದೇ ಚಿತ್ರದ ಮೊದಲ ಭಾಗದಲ್ಲೇ 221 ಮೀಟರ್ ಎತ್ತರದ ಹೂವರ್ ಅಣೆಕಟ್ಟು ನುಚ್ಚುನೂರಾಗುತ್ತದೆ. ದಾಂಡೇಲಿ, ಜೋಯಿಡಾ ಕಡೆಯವರು ಈ ದೃಶ್ಯ ನೋಡಿದರೆ ಗಂಟಲು ಒಣಗದೇ ಇರದು. ಕಾಳಿ ನದಿಗೆ ಅಡ್ಡಲಾಗಿ 101 ಮೀಟರಿನ ಸೂಪಾ ಅಣೆಕಟ್ಟು ಅವರ ನೆತ್ತಿಯ ಮೇಲೇ ಇದೆ.

ನಿಜದ ಕಥೆ ಕೇಳಿ. ನಮ್ಮ ಓಣಿಯ ಹಿರಿಯಜ್ಜಿ ಮದುವೆಯಾಗಿ ಬಂದ ಹೊಸತು. 1967ರ ಡಿಸೆಂಬರ್ 11, ಕೋಳಿ ಕೂಗುವ ಹೊತ್ತು. "ಅಡಗಿಮನ್ಯಾಗಿನ ಹಿತ್ತಾಳಿ ಕೊಡ ಗಡಗಡ ಅಂದು ಉರುಳಿದ್ವು. ಬೆಕ್ಕು ಬಂದೈತಿ ಅಂತ ಹಚ್ಚಾ ಅಂದೆ. ನೋಡಿದ್ರ ಗ್ವಾಡಿನೂ ನಡಗಾಕತ್ತಿತ್ತು!" ಅನ್ನುತ್ತಾಳೆ ಅಜ್ಜಿ. ಬೆಕ್ಕಲ್ಲ, ಅದು ಮಹಾರಾಷ್ಟ್ರದ ಕೊಯ್ನಾ ಭೂಕಂಪ. ಅಳತೆ 6.3. ಕೇಂದ್ರ ಅಣೆಕಟ್ಟಿನ ತೀರಾ ಸಮೀಪ. ಅಣೆಕಟ್ಟಿನ ಎತ್ತರ 103 ಮೀಟರ್, ಹೆಚ್ಚುಕಡಿಮೆ ನಮ್ಮ ಸೂಪಾದಷ್ಟೇ. ಏನಾಯಿತು? ಅಣೆಕಟ್ಟಿನ ಮೇಲ್ಭಾಗದಲ್ಲಿ ಬಿರುಕು ಬಿಟ್ಟವು, ನೀರು ಜಿನುಗಿತು. ಆದರೆ ಅಣೆಕಟ್ಟು ನಿಂತಿತು! ಆಮೇಲೆ ಅದಕ್ಕೆ ಕಾಂಕ್ರೀಟಿನ ಆಸರೆ ಕೊಟ್ಟು ಬಲಪಡಿಸಿದರು.

ಸೂಪಾಕ್ಕೆ ಏನೂ ಆಗದು ಎಂದು ಗ್ಯಾರಂಟಿ ಬರೆದುಕೊಡಲು ನಾನು ಇಂಜಿನಿಯರ್ ಅಲ್ಲ. ಆದರೆ ಅಣೆಕಟ್ಟೆಂದರೆ ಒಂದೇ ಏಟಿಗೆ ಬಿಸ್ಕತ್ತಿನಂತೆ ಮುರಿಯುವುದಲ್ಲ ಅನ್ನುವುದನ್ನು ಕೊಯ್ನಾ ತೋರಿಸಿದೆ.

ಇನ್ನೊಂದು ವಿಚಿತ್ರವನ್ನು ನಾನು ನೋಡಿದ ಯಾವ ಚಿತ್ರದವರೂ ಮುಟ್ಟಿಲ್ಲ. ಕೊಯ್ನಾದಲ್ಲಿ ನೆಲವನ್ನು ಕೆಣಕಿದ್ದು ಅಲ್ಲಿ ನಿಂತ ನೀರೇ ಎಂದು ವಿಜ್ಞಾನಿಗಳು ಹೇಳುತ್ತಾರೆ. ಜಲಾಶಯದ ಭಾರ, ಬಂಡೆಯ ಸಂದಿಗೆ ಇಳಿದ ನೀರು, ಎರಡೂ ಸೇರಿ ಮೊದಲೇ ಬಿಗಿದಿದ್ದ ನೆಲವನ್ನು ಜಾರಿಸಿದವಂತೆ. ಎಂಥಾ ಕಥೆ ನೋಡಿ! ಯಾರಾದರೂ ನಿರ್ಮಾಪಕರು ಕೈ ಹಾಕಬಾರದೇ?

ವಿಲನ್ ಯಾರು?

ಕೊಯ್ನಾದಲ್ಲಿ ನೂರೆಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ಅಣೆಕಟ್ಟಿನ ನೀರಿನಿಂದಲ್ಲ, ಬಿದ್ದ ಮನೆಗಳಿಂದ.

ಮುಂದೆ 1993ರ ಸೆಪ್ಟೆಂಬರ್ 30. ಲಾತೂರು ಜಿಲ್ಲೆಯ ಕಿಲ್ಲಾರಿ. ಗಣಪತಿ ಕಳಿಸಿ ದಣಿದು ಮಲಗಿದ್ದ ಜನ. ನಸುಕಿನ ನಾಲ್ಕರ ಸುಮಾರಿಗೆ 6.2ರ ಕಂಪನ. ಸತ್ತವರು ಸುಮಾರು ಹತ್ತು ಸಾವಿರ. ಅಲ್ಲಿ ಯಾವ ಪಾತಾಳವೂ ಬಾಯಿ ಬಿಡಲಿಲ್ಲ. ಕಲ್ಲು-ಮಣ್ಣಿನ ದಪ್ಪ ಗೋಡೆ, ಮಾಳಿಗೆಯ ಮಣ್ಣಿನ ಭಾರ, ಇವೇ ಮಲಗಿದವರ ಮೇಲೆ ಬಿದ್ದವು. 9.6ರ ಸಿನಿಮಾದಲ್ಲಿ ಹೀರೋನ ಕುಟುಂಬ ನಗುತ್ತ ಎದ್ದು ನಿಲ್ಲುತ್ತದೆ. 6.2ರ ಕಿಲ್ಲಾರಿಯಲ್ಲಿ ಮನೆ ಮನೆಯೇ ಮಲಗಿಬಿಟ್ಟಿತು.

ಈ ವಿಷಯದಲ್ಲಿ ನಮ್ಮ ಹಳೇ ಹಿಂದಿ ಚಿತ್ರವೇ ವಾಸಿ! 1965ರ 'ವಕ್ತ್' ನೆನಪಿದೆಯೇ? ಬಲರಾಜ್ ಸಾಹ್ನಿಯ ಲಾಲಾ ಕೇದಾರನಾಥ್ ತನ್ನ ಸಿರಿಯ ಬಗ್ಗೆ ಜಂಬ ಕೊಚ್ಚಿದ ಬೆನ್ನಲ್ಲೇ ನೆಲ ನಡುಗುತ್ತದೆ. ಗ್ರಾಫಿಕ್ಸ್ ಇಲ್ಲ, ಕಂದಕ ಇಲ್ಲ. ಮನೆ ಬೀಳುತ್ತದೆ, ಸಂಸಾರ ಚದುರುತ್ತದೆ. ಅಷ್ಟೇ! 2013ರ 'ಕಾಯ್ ಪೋ ಚೆ'ಯಲ್ಲೂ 2001ರ ಗುಜರಾತ್ ಭೂಕಂಪ ಬಂದಾಗ ಹುಡುಗರ ಕನಸನ್ನು ಪುಡಿಮಾಡುವುದು ಹೊಸ ಕಟ್ಟಡವೇ.

1974ರ ಹಾಲಿವುಡ್ 'ಅರ್ಥ್‌ಕ್ವೇಕ್' ಚಿತ್ರದ್ದು ಇನ್ನೂ ತಮಾಷೆ. ಸೀಟು ಅದುರುವಂಥ 'ಸೆನ್ಸರೌಂಡ್' ಸದ್ದು ತಂದರು. ಹಾಲಿವುಡ್ಡಿನ ಚೈನೀಸ್ ಥಿಯೇಟರಿನಲ್ಲಿ ಆ ಸದ್ದಿಗೆ ಮಾಳಿಗೆಯ ಗಾರೆಯೇ ಉದುರಿ, ಪ್ರೇಕ್ಷಕರ ತಲೆ ಕಾಯಲು ಬಲೆ ಕಟ್ಟಬೇಕಾಯಿತು! ನಿಜವಾದ ವಿಲನ್ ನೆಲವಲ್ಲ, ತಲೆಯ ಮೇಲಿರುವುದು… ಈ ಸತ್ಯ ತೆರೆಯ ಮೇಲಲ್ಲ, ಟಾಕೀಸಿನ ಮಾಳಿಗೆಯಲ್ಲಿತ್ತು.

ಸಮುದ್ರ ಹಿಂದೆ ಸರಿದರೆ…

ಇನ್ನು ನಮ್ಮ ಹುಡುಗನ ಸುನಾಮಿ. ಚಿತ್ರದಲ್ಲಿ ಗುಡ್ಡದಂಥ ಅಲೆ ಎದ್ದು ಬರುತ್ತದೆ, ಹೀರೋ ದೋಣಿಯಲ್ಲಿ ಅದರ ನೆತ್ತಿ ಹತ್ತುತ್ತಾನೆ. ಆದರೆ ದೊಡ್ಡ ಸುನಾಮಿ ಏಳಬೇಕಾದರೆ ಸಮುದ್ರದ ತಳವೇ ಮೇಲೆ ಕೆಳಗೆ ಆಗಿ ನೀರನ್ನು ಎತ್ತಬೇಕು. ಪಕ್ಕಕ್ಕೆ ಜಾರುವ ಸ್ಯಾನ್ ಆಂಡ್ರಿಯಾಸ್‌ಗೆ ಆ ತಾಕತ್ತಿಲ್ಲ.

2004ರ ಡಿಸೆಂಬರ್ 26ರಂದು ಸುಮಾತ್ರಾದ ಬಳಿ ಆದದ್ದು ಹಾಗಲ್ಲ. 9.1ರ ಕಂಪನ, 1300 ಕಿಲೋಮೀಟರ್ ಉದ್ದದ ಸೀಳು. ಆಳ ಕಡಲಿನಲ್ಲಿ ಅಲೆಯ ಎತ್ತರ ಒಂದು ಮೀಟರಿಗೂ ಕಡಿಮೆ, ಓಟ ಮಾತ್ರ ವಿಮಾನದ್ದು! ದಡ ಸಮೀಪಿಸಿದಂತೆ ಓಟ ತಗ್ಗುತ್ತದೆ, ನೀರು ಏರುತ್ತದೆ. ನಾಗಪಟ್ಟಣಕ್ಕೆ ಅದು ಮುಟ್ಟಿದ್ದು ಎರಡು ತಾಸು ಕಳೆದ ಮೇಲೆ. ಅಷ್ಟು ಹೊತ್ತಿದ್ದರೂ ಹೇಳುವವರಿರಲಿಲ್ಲ. ಹೈದರಾಬಾದಿನಲ್ಲಿ ಸುನಾಮಿ ಎಚ್ಚರಿಕೆಯ ಕೇಂದ್ರ ಶುರುವಾದದ್ದು 2007ರಲ್ಲಿ.

ಕಮಲಹಾಸನ್ ಹತ್ತು ವೇಷ ಹಾಕಿದ 'ದಶಾವತಾರಂ' 2008ರಲ್ಲಿ ಇದೇ ಸುನಾಮಿಯನ್ನು ಕ್ಲೈಮ್ಯಾಕ್ಸ್ ಮಾಡಿತು. ಉಪ್ಪುನೀರು ನುಗ್ಗಿ ಮಾರಕ ರೋಗಾಣುವನ್ನು ಕೊಂದು ಜಗತ್ತನ್ನು ಉಳಿಸಿತಂತೆ! ಕಲ್ಪನೆ ಭರ್ಜರಿ. ಆದರೆ ಎರಡು ಲಕ್ಷಕ್ಕೂ ಹೆಚ್ಚು ಜನರನ್ನು ನುಂಗಿದ ನೀರದು, ಔಷಧಿಯಲ್ಲ. 2012ರ 'ದಿ ಇಂಪಾಸಿಬಲ್' ನೋಡಿ. ಥಾಯ್ಲೆಂಡಿನ ಕಡಲತೀರದಲ್ಲಿ ಸಿಕ್ಕಿಬಿದ್ದ ಒಂದು ಸ್ಪೇನಿನ ಸಂಸಾರದ ನಿಜ ಕಥೆ. ಅಲ್ಲಿ ನೀರು ನೀಲಿಯಲ್ಲ, ಕೆಸರು. ಅದರೊಳಗೆ ಮರ, ತಗಡು, ಕಾರು. ಒಂದು ಅಲೆ ಹೋಯಿತೆಂದು ಉಸಿರುಬಿಡುವಷ್ಟರಲ್ಲಿ ಇನ್ನೊಂದು! ಇದು ನಿಜಕ್ಕೆ ಹತ್ತಿರದ ಚಿತ್ರ.

ಥಾಯ್ಲೆಂಡಿನ ಇನ್ನೊಂದು ತೀರದಲ್ಲಿ ಅದೇ ದಿನ ಟಿಲ್ಲಿ ಸ್ಮಿತ್ ಎಂಬ ಹತ್ತು ವರ್ಷದ ಇಂಗ್ಲಿಷ್ ಹುಡುಗಿ ಇದ್ದಳು. ನೀರು ನೊರೆಯಾಡುವ ರೀತಿ ನೋಡಿ, ಭೂಗೋಳದ ಪಾಠ ನೆನೆದು, ಸುನಾಮಿ ಎಂದು ಕೂಗಿದಳು. ತೀರ ಖಾಲಿಯಾಯಿತು, ಸುಮಾರು ನೂರು ಜನ ಉಳಿದರು. ಹೀರೋಯಿನ್ ಅಂದರೆ ಇವಳಪ್ಪಾ!

ನಮ್ಮದು ಅರಬ್ಬೀ ಸಮುದ್ರ, ಚಿಂತೆಯಿಲ್ಲ ಅನ್ನಬೇಡಿ. 1945ರ ನವೆಂಬರ್ 28ರಂದು ಮಕ್ರಾನ್ ತೀರದ ಭೂಕಂಪದಿಂದ ಎದ್ದ ಸುನಾಮಿ ಮುಂಬಯಿಗೂ ಬಂದು ಜೀವ ತೆಗೆದಿತ್ತು.

ಟ್ರಂಕು ಇಳಿಯಿತು

ಟ್ರಿಪ್ಪಿನ ಹಿಂದಿನ ಸಂಜೆ ಹುಡುಗನನ್ನು ಕೂರಿಸಿಕೊಂಡು ಹೇಳಿದೆ: "ದಡದಾಗ ನಿಂತಾಗ ನೆಲ ಜೋರಾಗಿ, ಭಾಳ ಹೊತ್ತು ನಡುಗಿದ್ರ ಅಲಿ ಕಾಣೋತನಕ ಕಾಯಬ್ಯಾಡ. ಎತ್ತರಕ್ಕ ಓಡು. ಸಮುದ್ರ ಒಮ್ಮಿಗೇ ಹಿಂದ ಸರಿದು ತಳ ಕಂಡ್ರ ಮೀನು, ಕಪ್ಪಿಚಿಪ್ಪು ಆರಸಾಕ ಹೋಗಬ್ಯಾಡ. ಕೆಲವೊಮ್ಮಿ ಹಿಂದ ಸರಿಯದನೂ ನೀರು ಬರ್ತೈತಿ. ಒಂದು ಅಲಿ ಹೋತು ಅಂತ ತಿರುಗಿ ಇಳಿಯಬ್ಯಾಡ."

"ಮನ್ಯಾಗಿದ್ದಾಗ ನಡುಗಿದ್ರ?"

"ಗಟ್ಟಿ ಮನಿ ಇದ್ರ ಮೇಜಿನ ಕೆಳಗ ಹೊಕ್ಕು ಕಾಲು ಹಿಡ್ಕೊ. ಹಳೇ ಮಣ್ಣಿನ ಮನಿ, ಬಾಗಿಲ ಹತ್ರಾನ ಇದ್ರ ಬಯಲಿಗೆ ಜಿಗಿ. ಹೊಸಾ ಮನಿ ಕಟ್ಟೋರಿದ್ರ ಬಾಗಿಲ ಮಟ್ಟಕ್ಕ ಎಲ್ಲಾ ಗ್ವಾಡಿ ಸುತ್ತಿ ಕಬ್ಬಿಣ-ಕಾಂಕ್ರೀಟಿನ ಪಟ್ಟಿ ಹಾಕಸಬೇಕು."

ಹುಡುಗ ಸುಮ್ಮನಾದ. ಮನೆಯೆಲ್ಲ ಕಣ್ಣಾಡಿಸಿದ. ಮಣ್ಣಿನ ಗೋಡೆ, ಹಂಚಿನ ಮಾಡು, ಮೂಲೆಯಲ್ಲಿ ನನ್ನವ್ವನ ಹಾಸಿಗೆ. ಆ ಹಾಸಿಗೆಯ ನೇರಕ್ಕೆ ಮೇಲೆ ಹಲಗೆಯ ಮೇಲೊಂದು ಕಬ್ಬಿಣದ ಟ್ರಂಕು. ನಾನು ಹುಟ್ಟಿದಾಗಿನಿಂದ ಅಲ್ಲೇ ಇತ್ತು. ಒಂದು ದಿನವೂ ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

"ಹಂಗಾರ ಕಾಕಾ, ಮೊದ್ಲು ಅಜ್ಜಿ ತಲಿ ಮ್ಯಾಲಿನ ಆ ಟ್ರಂಕ್ ಇಳಸು."

ಇಬ್ಬರೂ ಸೇರಿ ಇಳಿಸಿದೆವು. ಒಳಗಿದ್ದದ್ದು ಹಳೇ ಪಾತ್ರೆ, ಅಪ್ಪನ ಗುದ್ದಲಿ. ಭಾರ ಎಷ್ಟೆಂದರೆ ನೆಲಕ್ಕಿಟ್ಟಾಗ ಧಡ್ ಅಂತು. ಅವ್ವ ಬೆಚ್ಚಿ ಎದ್ದು ಕೇಳಿದಳು: "ಏನಾತೋ?"

"ಏನಿಲ್ಲವ್ವ, ಮಲಕೋ" ಅಂದೆ.

ಓದುಗರೇ, ಚಿತ್ರ ನೋಡಿ, ಶಿಳ್ಳೆ ಹೊಡೆಯಿರಿ, ಬೇಡ ಅನ್ನುವವ ನಾನಲ್ಲ. ಮನೆಗೆ ಬಂದು ದೀಪ ಆರಿಸುವ ಮುನ್ನ ಒಮ್ಮೆ ತಲೆ ಎತ್ತಿ ನೋಡಿ. ನಿಮ್ಮ ಹಾಸಿಗೆಯ ಮೇಲೆ ಏನಿದೆ?