ಪರೀಕ್ಷೆಯಾದ ಮೇಲೆ ಹುಟ್ಟಿದ ನಿಯಮ

ನ್ಯಾಯಸ್ಥಾನವೆಂದೊಡನೆ ಜನರ ಕಣ್ಣಿಗೆ ಕಟ್ಟುವುದು ನ್ಯಾಯಾಧೀಶರ ಪೀಠ ಮತ್ತು ವಕೀಲರ ಕರಿಯ ನಿಲುವಂಗಿ. ಆದರೆ ಕಕ್ಷಿಗಾರನಿಗೆ ಮೊದಲು ಎದುರಾಗುವವನು ಗುಮಾಸ್ತ. ದಾವೆಯನ್ನು ದಾಖಲು ಮಾಡಿಕೊಳ್ಳುವವನು, ಸಮನ್ಸನ್ನು ಸಿದ್ಧಪಡಿಸುವವನು, ತೀರ್ಪಿನ ನಕಲನ್ನು ಒದಗಿಸುವವನು ಅವನೇ. ಇಂಥವನ ನೇಮಕದಲ್ಲಿಯೇ ನ್ಯಾಯಕ್ಕೆ ಕುಂದುಂಟಾದರೆ ಅದು ದೀಪದ ಬುಡದ ಕತ್ತಲೆಯಲ್ಲದೆ ಮತ್ತೇನು?

ನಮ್ಮ ಸಂವಿಧಾನದ 229ನೆಯ ವಿಧಿಯು ಹೈಕೋರ್ಟಿನ ಸಿಬ್ಬಂದಿಯ ನೇಮಕವನ್ನು ಮುಖ್ಯ ನ್ಯಾಯಾಧೀಶರಿಗೆ, ಅಥವಾ ಅವರು ಗೊತ್ತುಮಾಡಿದ ನ್ಯಾಯಾಧೀಶರಿಗೆ ಇಲ್ಲವೇ ಅಧಿಕಾರಿಗೆ ವಹಿಸಿಕೊಟ್ಟಿದೆ. ನ್ಯಾಯಾಂಗವು ಕಾರ್ಯಾಂಗದ ಹಂಗಿನಲ್ಲಿ ಇರಕೂಡದೆಂಬ ಆಶಯವು ಸಾಧುವಾದುದೇ. ಆದರೆ ಇದರಿಂದ ಒಂದು ವಿಚಿತ್ರವಾದ ಪರಿಸ್ಥಿತಿಯು ಒದಗುತ್ತದೆ. ತನಗೆ ಅನ್ಯಾಯವಾಯಿತೆಂದು ಬಗೆದ ಉಮೇದುವಾರನು, ತನ್ನನ್ನು ತಿರಸ್ಕರಿಸಿದ ಸಂಸ್ಥೆಯ ಬಾಗಿಲಿಗೇ ರಿಟ್ ಅರ್ಜಿಯನ್ನು ಹಿಡಿದು ಹೋಗಬೇಕಾಗುತ್ತದೆ. ವಿಚಾರಿಸುವ ನ್ಯಾಯಾಧೀಶರು ಎಷ್ಟೇ ನಿಷ್ಪಕ್ಷಪಾತಿಗಳಾಗಿರಲಿ, ಪ್ರತಿವಾದಿಯ ಸ್ಥಾನದಲ್ಲಿ ನಿಂತಿರುವುದು ಅವರದೇ ಹೈಕೋರ್ಟು. ಆದಕಾರಣ ಉಳಿದ ಇಲಾಖೆಗಳಿಗಿಂತಲೂ ಇಲ್ಲಿ ನಡತೆಯು ಹೆಚ್ಚು ನಿರ್ಮಲವಾಗಿರಬೇಕು.

ರಾಜಸ್ಥಾನದ ಪ್ರಕರಣವೊಂದನ್ನು ವಾಚಕರು ಪರಿಶೀಲಿಸಲಿ. 2009ರಲ್ಲಿ ಅಲ್ಲಿಯ ಹೈಕೋರ್ಟು ತನ್ನ ಸಿಬ್ಬಂದಿಯಲ್ಲಿ ಖಾಲಿಯಿದ್ದ 13 ಭಾಷಾಂತರಕಾರರ ಹುದ್ದೆಗಳಿಗೆ ಅರ್ಜಿಗಳನ್ನು ಕರೆಯಿತು. ಲಿಖಿತ ಪರೀಕ್ಷೆ, ತರುವಾಯ ಸಂದರ್ಶನ ಎಂದು ಗೊತ್ತಾಗಿತ್ತು. 21 ಮಂದಿ ಪರೀಕ್ಷೆಗೆ ಕುಳಿತರು. ಪರೀಕ್ಷೆಯು ಮುಗಿದ ಮೇಲೆ, ನೂರಕ್ಕೆ 75 ಅಂಕಗಳನ್ನಾದರೂ ಪಡೆದವರನ್ನು ಮಾತ್ರ ಆರಿಸತಕ್ಕದ್ದೆಂದು ಮುಖ್ಯ ನ್ಯಾಯಾಧೀಶರ ಅಪ್ಪಣೆಯಾಯಿತು. ಆಯ್ಕೆಯಾದವರು ಮೂವರು. ಉಳಿದವರಲ್ಲಿ ಕೆಲವರು ಹೂಡಿದ ಅರ್ಜಿಯನ್ನು ಅದೇ ಹೈಕೋರ್ಟು 2010ರಲ್ಲಿ ವಜಾ ಮಾಡಿತು. 2013ರಲ್ಲಿ ಸುಪ್ರೀಂ ಕೋರ್ಟಿನ ಮೂವರು ನ್ಯಾಯಾಧೀಶರ ಪೀಠವು ಪ್ರಶ್ನೆಯನ್ನು ಇನ್ನೂ ದೊಡ್ಡ ಪೀಠಕ್ಕೆ ಒಪ್ಪಿಸಿತು. ಐವರು ನ್ಯಾಯಾಧೀಶರ ಸಂವಿಧಾನ ಪೀಠದ ಉತ್ತರವು ಹೊರಬಿದ್ದುದು 2024ರ ನವೆಂಬರ್ 7ರಂದು.

ನೇಮಕದ ಕಾರ್ಯವು ಪ್ರಕಟನೆಯಿಂದ ತೊಡಗಿ ಹುದ್ದೆಗಳು ತುಂಬಿದಾಗ ಕೊನೆಗೊಳ್ಳುತ್ತದೆ. ಪ್ರಚಲಿತ ನಿಯಮಗಳಾಗಲಿ, ಅವುಗಳಿಗೆ ವಿರೋಧವಲ್ಲದ ಪ್ರಕಟನೆಯಾಗಲಿ ಅವಕಾಶವಿತ್ತಿದ್ದ ಹೊರತು ಅರ್ಹತೆಯ ಮಾನದಂಡವನ್ನು ನಡುವೆ ಬದಲಾಯಿಸಕೂಡದು. ಅವಕಾಶವಿದ್ದರೂ ಆ ಬದಲಾವಣೆಯು ಸಂವಿಧಾನದ ಸಮಾನತೆಯ ತತ್ತ್ವಕ್ಕೆ ಒಪ್ಪುವಂತಿರಬೇಕು. ಇದು ಆ ಪೀಠವು ವಿಧಿಸಿದ ಸೂತ್ರದ ತಾತ್ಪರ್ಯ. ಉಪಕ್ರಮಕ್ಕೆ ಉಪಸಂಹಾರವು ಹೊಂದಿರಬೇಕೆಂದು ನಮ್ಮ ಶಾಸ್ತ್ರಕಾರರು ಗ್ರಂಥಗಳ ಅರ್ಥನಿರ್ಣಯಕ್ಕೆ ಬಳಸಿದ ಮಾತು ನೇಮಕಕ್ಕೂ ಸಲ್ಲುತ್ತದೆ.

ಅಧಿಕಾರಿಗಳ ಪಕ್ಷಕ್ಕೂ ಆಧಾರವಿಲ್ಲದಿಲ್ಲ. ಹರಿಯಾಣದ ಅಧೀನ ನ್ಯಾಯಾಧೀಶರ ನೇಮಕದಲ್ಲಿ ನೂರಕ್ಕೆ 45 ಅಂಕಗಳು ಅರ್ಹತೆಯಾಗಿದ್ದರೂ, ಸರ್ಕಾರವು 55ಕ್ಕೆ ಕಡಮೆಯಿಲ್ಲದವರನ್ನು ಮಾತ್ರ ನೇಮಿಸಿದುದನ್ನು ಸುಪ್ರೀಂ ಕೋರ್ಟು 1973ರಲ್ಲಿ ಎತ್ತಿಹಿಡಿದಿತ್ತು. ಪಟ್ಟಿಯಲ್ಲಿ ಹೆಸರು ಬಂದ ಮಾತ್ರದಿಂದ ಹುದ್ದೆಯ ಹಕ್ಕು ಹುಟ್ಟದೆಂಬುದು ಆ ನಿರ್ಣಯದ ಸಾರ. ಸಂವಿಧಾನ ಪೀಠವು ಅದನ್ನು ಅಲ್ಲಗಳೆದಿಲ್ಲ. ಪಟ್ಟಿಗೆ ಸೇರುವ ಹಕ್ಕು ಬೇರೆ, ಪಟ್ಟಿಯಿಂದ ಹುದ್ದೆಗೆ ಏರುವ ಹಕ್ಕು ಬೇರೆ ಎಂದು ವಿಂಗಡಿಸಿದೆ. ಉನ್ನತವಾದ ಮಟ್ಟವನ್ನು ಬಯಸುವುದು ದೋಷವೆಂದು ನಾವೂ ಹೇಳೆವು. ನ್ಯಾಯಾಲಯದ ಭಾಷಾಂತರದಲ್ಲಿ ಒಂದು ಪದ ತಪ್ಪಿದರೆ ಒಬ್ಬನ ಆಸ್ತಿಯೇ ಕೈತಪ್ಪೀತು. ಆದರೆ 75ರ ಮಟ್ಟವನ್ನು ಪ್ರಕಟನೆಯಲ್ಲಿ ಮೊದಲೇ ಅಚ್ಚುಹಾಕಿಸಲು ಯಾರ ಅಡ್ಡಿಯಿತ್ತು? ಉತ್ತರಪತ್ರಿಕೆಗಳು ಕೈಸೇರಿದ ಮೇಲೆ ಗೀಚಿದ ಗೆರೆಯು, ಸದುದ್ದೇಶದಿಂದಲೇ ಗೀಚಿದ್ದಾದರೂ, ಯಾರನ್ನೋ ಒಳಗಿಡಲು, ಯಾರನ್ನೋ ಹೊರಗಿಡಲು ಗೀಚಿದ್ದೆಂಬ ಸಂದೇಹವನ್ನು ತಪ್ಪಿಸಿಕೊಳ್ಳಲಾರದು.

ಇದು ದೂರದ ಊರಿನ ಮಾತೆಂದು ಕನ್ನಡಿಗರು ಉದಾಸೀನರಾಗಬೇಕಾಗಿಲ್ಲ. ಜಿಲ್ಲಾ ನ್ಯಾಯಾಲಯಗಳ ಗುಮಾಸ್ತರನ್ನು ಲೋಕಸೇವಾ ಆಯೋಗದ ಮೂಲಕ ಆರಿಸಬೇಕಾಗಿದ್ದಾಗ, ಕರ್ನಾಟಕ ಹೈಕೋರ್ಟಿನಲ್ಲಿ ನೂರಾರು ಮಂದಿಯನ್ನು ಮೊದಲು ಹೈಕೋರ್ಟಿನ ಸಿಬ್ಬಂದಿಗೆ ನೇಮಿಸಿ, ಅನಂತರ ಜಿಲ್ಲೆಗಳಿಗೆ ವರ್ಗಮಾಡಿದ ಪ್ರಸಂಗವು 1991ರ ಕಾನೂನು ವರದಿಗಳಲ್ಲಿ ಅಚ್ಚಾಗಿದೆ. ಸುಪ್ರೀಂ ಕೋರ್ಟು ಆ ವಿಧಾನವನ್ನು ಖಂಡಿಸಿತು. ಆದರೆ ಅಷ್ಟರಲ್ಲಿ ನೇಮಕಗೊಂಡವರು ಹತ್ತು ವರ್ಷಗಳಷ್ಟು ದುಡಿದು ಸಂಸಾರಸ್ಥರಾಗಿದ್ದುದರಿಂದ, ದಯೆಯಿಂದ ಅವರನ್ನು ಉಳಿಸಿಕೊಂಡಿತು. ದಯೆಯು ಉಚಿತವೇ ಆಗಿತ್ತು. ಆದರೆ ಆ ಹುದ್ದೆಗಳಿಗಾಗಿ ಪರೀಕ್ಷೆಗೆ ಕುಳಿತುಕೊಳ್ಳುವ ಅವಕಾಶವೇ ದೊರೆಯದೆಹೋದ ಬಡ ತರುಣರಿಗೆ ಅದರಿಂದ ಏನು ದೊರೆಯಿತು?

ಇಲ್ಲಿಯೇ ವಿಷಯದ ಮರ್ಮವಿರುವುದು. ರಾಜಸ್ಥಾನದ ಪ್ರಕಟನೆಗೂ ಸಂವಿಧಾನ ಪೀಠದ ಉತ್ತರಕ್ಕೂ ನಡುವೆ 15 ವರ್ಷಗಳು ಸಂದುವು. ಉತ್ತರವಿತ್ತ ಪೀಠವೂ ಆ ಉಮೇದುವಾರರ ಅಪೀಲನ್ನು ತಾನೇ ತೀರಿಸದೆ, ತಕ್ಕ ಪೀಠದ ಮುಂದಿಡಬೇಕೆಂದಿತು. ಸರ್ಕಾರಿ ನೌಕರಿಯ ವಯೋಮಿತಿಯು ಯಾವ ತೀರ್ಪಿಗಾಗಿಯೂ ಕಾದು ನಿಲ್ಲುವುದಿಲ್ಲ. ಯೌವನದಲ್ಲಿ ಕೇಳಿದ ಪ್ರಶ್ನೆಗೆ ತಲೆ ನರೆತ ಮೇಲೆ ಬಂದ ಉತ್ತರವು ಮುಂದಿನವರಿಗೆ ದಾರಿದೀಪವಾದೀತು. ಕೇಳಿದವನ ಒಲೆಯು ಅದರಿಂದ ಉರಿಯಲಾರದು.

ಆದುದರಿಂದ ಮಾಡಬೇಕಾದುದು ಸ್ಪಷ್ಟವಾಗಿದೆ. ಪಡೆಯಬೇಕಾದ ಕನಿಷ್ಠ ಅಂಕ, ಸಂದರ್ಶನದ ತೂಕ, ಬೆರಳಚ್ಚಿನ ಪರೀಕ್ಷೆಯ ಮಟ್ಟ, ಇವೆಲ್ಲವೂ ಪ್ರಕಟನೆಯಲ್ಲಿಯೇ ಇರಲಿ. ಸರಿಯುತ್ತರಗಳ ಪಟ್ಟಿಯು ಫಲಿತಾಂಶಕ್ಕೆ ಮೊದಲೇ ಪ್ರಕಟವಾಗಲಿ. ತಕರಾರು ಬಂದರೆ ವರ್ಷಗಳಲ್ಲಿ ಅಲ್ಲ, ತಿಂಗಳುಗಳಲ್ಲಿ ತೀರಲಿ. ಅಲ್ಲಿಯವರೆಗೆ ತಕರಾರಿನ ಹುದ್ದೆಯು ಖಾಲಿಯಾಗಿಯೇ ಇರಲಿ. ಇವುಗಳಿಗೆ ಹೊಸ ಕಾಯಿದೆ ಬೇಡ, ಬೊಕ್ಕಸದ ಹಣವೂ ಬೇಡ. ಇತರರ ಕಚೇರಿಗಳಿಗೆ ನ್ಯಾಯಾಲಯಗಳು ದಿನವೂ ಬೋಧಿಸುವ ನೀತಿಯನ್ನು ತಮ್ಮ ಕಚೇರಿಯಲ್ಲಿಯೂ ಪಾಲಿಸುವ ಮನಸ್ಸೊಂದಿದ್ದರೆ ಸಾಕು.