ಗೋಡೆಗೆ ತಕ್ಕ ವಿದ್ಯುತ್ ಬೈರಿಗೆ

ಪಂಪುಮನೆಯಲ್ಲಿ ಸ್ಟಾರ್ಟರ್ ಹಲಗೆಯನ್ನು ಕೂರಿಸಲು, ತೊಟ್ಟಿಗೆ ಕೊಳವೆಯನ್ನು ಬಿಗಿಯಲು ವಿದ್ಯುತ್ ಬೈರಿಗೆಯನ್ನು, ಅಂದರೆ ಡ್ರಿಲ್ ಯಂತ್ರವನ್ನು, ಕೊಳ್ಳುವ ಜಮೀನುದಾರರು ಮೊದಲು ತಮ್ಮ ಗೋಡೆ ಯಾವುದರಿಂದ ಕಟ್ಟಿದ್ದೆಂಬುದನ್ನು ನೋಡಿಕೊಳ್ಳತಕ್ಕದ್ದು.

ಹ್ಯಾಮರ್ ಡ್ರಿಲ್ ಎಂಬುದರಲ್ಲಿ ಹಲ್ಲುಗಳುಳ್ಳ ಎರಡು ಬಿಲ್ಲೆಗಳು ಒಂದರ ಮೇಲೊಂದು ಜಾರಿ, ಸಣ್ಣ ಏಟುಗಳು ಬಹು ಶೀಘ್ರವಾಗಿ ಬೀಳುವುವು. ಕೆಲಸಗಾರನು ಮೈಭಾರ ಹಾಕಿ ಒತ್ತಿದಷ್ಟೇ ಅದರ ಬಲ. ಸುಟ್ಟ ಇಟ್ಟಿಗೆಗೆ ಇದು ಸಾಕು. ಆದರೆ ಕಗ್ಗಲ್ಲಿನ ಪಂಪುಮನೆಯೊಂದರಲ್ಲಿ ಇದನ್ನೇ ಅರ್ಧ ಗಂಟೆ ಒತ್ತಿ ಹಿಡಿದರೂ, ಬಿಟ್ಟಿನ ತುದಿ ಸುಟ್ಟು ನೀಲಿಯಾಯಿತೇ ಹೊರತು ತೂತು ಒಂದಂಗುಲವೂ ಇಳಿಯದುದನ್ನು ನಾನು ಕಂಡಿರುವೆನು.

ಕಗ್ಗಲ್ಲಿಗೂ ಕಾಂಕ್ರೀಟಿಗೂ ರೋಟರಿ ಹ್ಯಾಮರೇ ಬೇಕು. ಅದರೊಳಗಿನ ಪಿಸ್ಟನ್ನು ಗಾಳಿಯನ್ನು ಅದುಮಿ, ಆ ಗಾಳಿಯಿಂದ ಒಳಸುತ್ತಿಗೆಯನ್ನು ಹೊಡೆಯಿಸುವುದು. ಏಟುಗಳ ಸಂಖ್ಯೆ ಕಡಮೆ, ಪೆಟ್ಟು ಭಾರಿ. ಕೈಯ ಒತ್ತಡ ಅಲ್ಪವೇ ಸಾಕು. 6ರಿಂದ 16 ಮಿ.ಮೀ. ತೂತುಗಳಿಗೆ ಎಸ್‌ಡಿಎಸ್ ಪ್ಲಸ್ ಎಂಬ ಸಣ್ಣ ಜಾತಿಯದು ಯೋಗ್ಯವಾದುದು. ಇದರ ಬಿಟ್ಟುಗಳ ಬುಡದಲ್ಲಿ ಗಾಡಿಗಳಿರುವುವು. ಸಾಮಾನ್ಯ ಡ್ರಿಲ್ಲಿನ ಬಿಟ್ಟುಗಳು ಇದಕ್ಕೆ ಕೂರವು. ತುದಿಯಲ್ಲಿ ಟಂಗ್‌ಸ್ಟನ್ ಕಾರ್ಬೈಡ್ ಇರುವುದನ್ನೇ ಕೇಳಿ ಕೊಳ್ಳಬೇಕು.

ಪೊಳ್ಳು ಇಟ್ಟಿಗೆಗೂ ಮಣ್ಣಿನ ಗೋಡೆಗೂ ಏಟನ್ನು ನಿಲ್ಲಿಸಿ, ತಿರುಗಣೆಯಿಂದ ಮಾತ್ರ ಕೊರೆಯತಕ್ಕದ್ದು. ಇಲ್ಲವಾದರೆ ಗೋಡೆಯೇ ಒಡೆದೀತು. ಕಲ್ಲಿನ ನವುರಾದ ಧೂಳು ಶ್ವಾಸಕೋಶವನ್ನು ಕೆಡಿಸುವುದರಿಂದ, ಕೂಲಿಯವನಿಗೆ ಧೂಳುತಡೆಯುವ ಮುಖಕವಚವನ್ನೂ ಕನ್ನಡಕವನ್ನೂ ಯಂತ್ರದೊಡನೆಯೇ ಕೊಂಡುಕೊಡತಕ್ಕದ್ದು.