ಸ್ಟೆಪ್ನಿ ಇಲ್ಲದ ಹೊಸ ಕಾರಿಗೆ ಸ್ಟೆಪ್ನಿ, ಜಾಕ್ ಕೂರಿಸುವುದು ಹೇಗೆ?

ಹೊಸ ಕಾರು ಮನೆಗೆ ಬಂದ ದಿನ ಪೂಜೆ ಮುಗಿದು ನಿಂಬೆಹಣ್ಣು ಹತ್ತಿಸಿದ ಮೇಲೆ ಮನೆಯ ಹಿರಿಯರೊಬ್ಬರು ಡಿಕ್ಕಿ ತೆಗೆಸುತ್ತಾರೆ. ಮ್ಯಾಟ್ ಎತ್ತಿ ನೋಡಿದರೆ ಚಕ್ರ ಇರಬೇಕಾದ ಜಾಗದಲ್ಲಿ ಥರ್ಮಕೋಲ್ ತಟ್ಟೆ. ಅದರೊಳಗೆ ಅಂಗೈಯಗಲದ ಗಾಳಿ ಪಂಪು, ಜತೆಗೊಂದು ಬಾಟಲಿ ಅಂಟು. "ಸ್ಟೆಪ್ನಿ ಎಲ್ಲಪ್ಪಾ?" ಎಂದರೆ ಮಗ ಶೋರೂಮಿನವರು ಹೇಳಿದ್ದನ್ನೇ ಒಪ್ಪಿಸುತ್ತಾನೆ: "ಈ ಮಾಡೆಲ್‌ಗೆ ಬರೋದಿಲ್ವಂತೆ."

ಶೋರೂಮಿನವರು ಸುಳ್ಳು ಹೇಳಿಲ್ಲ. 2020ರ ಜುಲೈನಲ್ಲಿ ಕೇಂದ್ರ ಸರ್ಕಾರ ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿ ತಂದಿತು. ಚಾಲಕ ಸೇರಿ ಒಂಬತ್ತು ಸೀಟು ಮತ್ತು 3.5 ಟನ್ ತೂಕ ಮೀರದ ಕಾರಿನಲ್ಲಿ ಟ್ಯೂಬ್‌ಲೆಸ್ ಟಯರು, ಟಯರಿನ ಗಾಳಿ ಕಡಿಮೆಯಾದರೆ ಎಚ್ಚರಿಸುವ ವ್ಯವಸ್ಥೆ ಮತ್ತು ಪಂಕ್ಚರ್ ಕಿಟ್ ಇದ್ದರೆ ಸ್ಟೆಪ್ನಿ ಕೊಡಲೇಬೇಕೆಂದಿಲ್ಲ. ಕಂಪನಿಗಳಿಗೆ ಇದು ಅನುಕೂಲವಾಯಿತು. ಹದಿನೈದು ಕೆ.ಜಿ.ಯಷ್ಟು ತೂಕ ಇಳಿಯಿತು, ಖರ್ಚೂ ಉಳಿಯಿತು. ಸಿ.ಎನ್.ಜಿ. ಕಾರಿನಲ್ಲಿ ಸಿಲಿಂಡರಿಗೆ, ಎಲೆಕ್ಟ್ರಿಕ್ ಕಾರಿನಲ್ಲಿ ಬ್ಯಾಟರಿಗೆ ಜಾಗವೂ ಸಿಕ್ಕಿತು.

ಬೆಂಗಳೂರಿನಲ್ಲೋ ಕೊಯಮತ್ತೂರಿನಲ್ಲೋ ಇರುವವರಿಗೆ ಇದರಿಂದ ದೊಡ್ಡ ನಷ್ಟವಿಲ್ಲ. ನಾಲ್ಕು ಹೆಜ್ಜೆಗೊಂದು ಪಂಕ್ಚರ್ ಅಂಗಡಿ ಇದೆ. ಗಡಿನಾಡಿನ ನಮ್ಮ ಲೆಕ್ಕವೇ ಬೇರೆ. ತಾಳವಾಡಿಯಿಂದ ಸತ್ಯಮಂಗಲಕ್ಕೆ ಇಳಿಯಬೇಕಾದರೆ ಹುಲಿ ಸಂರಕ್ಷಿತ ಅರಣ್ಯ ದಾಟಿ ದಿಂಬಂ ಘಾಟಿಯ 27 ತಿರುವು ಇಳಿಯಬೇಕು. ವಯನಾಡಿನವರಿಗೂ ಗೂಡಲೂರಿನವರಿಗೂ ಮೈಸೂರಿನ ದಾರಿಯಲ್ಲಿ ಬಂಡೀಪುರ ಇದೆ. ಅಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿಷೇಧವಿದೆ. ದಿಂಬಂನಲ್ಲೂ 2022ರ ಫೆಬ್ರವರಿಯಲ್ಲಿ ಮದ್ರಾಸ್ ಹೈಕೋರ್ಟ್ ಆದೇಶದಂತೆ ರಾತ್ರಿ ಸಂಚಾರಕ್ಕೆ ನಿರ್ಬಂಧ ಬಂತು. ಸಂಜೆ ಏಳೂವರೆಗೆ ಕಾಡಿನ ನಡುವೆ ಟಯರು ಕೂತರೆ ಗೇಟು ಮುಚ್ಚುವುದರೊಳಗೆ ಹೊರಬೀಳಬೇಕು. ಫೋನಿಗೆ ಸಿಗ್ನಲ್ ಸಿಗುವುದು ಅದೃಷ್ಟ. ಸಿಕ್ಕಿದರೂ ಸಹಾಯವಾಣಿಯವರಿಗೆ ನಾವು ಯಾವ ರಾಜ್ಯದಲ್ಲಿದ್ದೇವೆ, ಗಾಡಿ ಈರೋಡಿನಿಂದ ಬರಬೇಕೋ ಚಾಮರಾಜನಗರದಿಂದಲೋ ಎಂದು ವಿವರಿಸುವುದೇ ಒಂದು ಕೆಲಸ. ಒಳಗೆ ಹೆರಿಗೆ ನೋವಿನ ಹೆಣ್ಣುಮಗಳೋ ಎದೆನೋವಿನ ಅಜ್ಜನೋ ಇದ್ದರೆ ಹೇಳುವುದೇ ಬೇಡ.

ಹಾಗೆಂದು ಕಿಟ್ ನಿಷ್ಪ್ರಯೋಜಕ ಎನ್ನಬೇಡಿ. ರಸ್ತೆಗೆ ತಾಗುವ ಭಾಗದಲ್ಲಿ ಮೊಳೆಯೋ ಮುಳ್ಳೋ ಚುಚ್ಚಿ 4ರಿಂದ 6 ಮಿ.ಮೀ. ಒಳಗಿನ ತೂತಾಗಿದ್ದರೆ ಅಂಟು ತುಂಬಿಸಿ, ಪಂಪಿನಿಂದ ಗಾಳಿ ಹೊಡೆದು ಹತ್ತಿರದ ಅಂಗಡಿ ಮುಟ್ಟಬಹುದು. ಆದರೆ ಟಯರಿನ ಪಕ್ಕೆ ಕುಯ್ದರೆ, ಗುಂಡಿಗೆ ಬಡಿದು ರಿಮ್ಮು ಸೊಟ್ಟಗಾದರೆ ಅಂಟಿನ ಆಟ ನಡೆಯುವುದಿಲ್ಲ. ಡಾಂಬರಿನ ಅಂಚು ಕಿತ್ತು ಚೂಪು ಜಲ್ಲಿ ಎದ್ದಿರುವ ನಮ್ಮ ರಸ್ತೆಗಳಲ್ಲಿ ಪಕ್ಕೆ ಕುಯ್ಯುವುದೇ ಹೆಚ್ಚು. ಅಂಟಿನ ಬಾಟಲಿಗೂ ಔಷಧಿಯಂತೆ ಅವಧಿ ಇದೆ, ಮೇಲೆ ಬರೆದಿರುತ್ತದೆ, ಓದಿಕೊಳ್ಳಿ. ಅಂಟು ಹಾಕಿದ ಟಯರನ್ನು ಬಿಚ್ಚುವ ಮೊದಲು ಅಂಗಡಿಯವನಿಗೆ ಹೇಳಿ. ಇಲ್ಲದಿದ್ದರೆ ಅವನ ಮೈಯೆಲ್ಲ ಅಂಟು!

ಸ್ಟೆಪ್ನಿ ಎಂಬ ಮಾತಿನ ಬಗ್ಗೆಯೂ ಒಂದು ಮಾತು. ಇದು ಬ್ರಿಟನ್ನಿನ ವೇಲ್ಸ್ ಪ್ರಾಂತ್ಯದ ಲನೆಲ್ಲಿ ಎಂಬ ಊರಿನ ಬೀದಿಯ ಹೆಸರು. 1904ರಲ್ಲಿ ಆ ಸ್ಟೆಪ್ನಿ ಬೀದಿಯಲ್ಲಿ ಅಂಗಡಿ ಇಟ್ಟಿದ್ದ ಡೇವಿಸ್ ಸಹೋದರರು ಪಂಕ್ಚರ್ ಆದ ಚಕ್ರದ ಪಕ್ಕಕ್ಕೇ ಬಿಗಿಯುವ ಹೆಚ್ಚುವರಿ ಚಕ್ರವನ್ನು ಮಾರಲು ತೊಡಗಿದರು. ಕಂಪನಿ ಹೋಯಿತು, ಹೆಸರು ಕನ್ನಡ, ತಮಿಳು, ಮಲಯಾಳಂ, ಮರಾಠಿ ಎನ್ನದೆ ನಮ್ಮ ಎಲ್ಲ ಗ್ಯಾರೇಜುಗಳಲ್ಲಿ ಉಳಿಯಿತು.

ಈಗ ಚಕ್ರ ಹೊಂದಿಸುವ ವಿಷಯ. ಎಲ್ಲಕ್ಕಿಂತ ಸುಲಭದ ದಾರಿ ಎಂದರೆ ನಿಮ್ಮ ಕಾರಿನದೇ ಬೇರೆ ದರ್ಜೆಗೆ ಕಂಪನಿ ಸ್ಟೆಪ್ನಿ ಕೊಡುತ್ತದೆಯೇ ಎಂದು ವಿಚಾರಿಸುವುದು. ಪೆಟ್ರೋಲ್ ಮಾಡೆಲಿಗೆ ಕೊಟ್ಟು ಸಿ.ಎನ್.ಜಿ.ಗೆ ಕೊಡದಿರುವುದುಂಟು. ಹಾಗಿದ್ದರೆ ಅದೇ ಡಿಸ್ಕ್, ಅದೇ ಜಾಕ್, ಅದೇ ಪಾನಾ ಬಿಡಿಭಾಗವಾಗಿ ಡೀಲರ್ ಬಳಿ ಸಿಗುತ್ತವೆ. ಎರಡು ಮಾಡೆಲಿಗೂ ಬ್ರೇಕು, ಹಬ್ಬು ಒಂದೇ ತಾನೇ ಎಂದಷ್ಟೇ ಕೇಳಿಕೊಳ್ಳಿ. ದುಡ್ಡು ಹೆಚ್ಚಾದರೂ ತಲೆನೋವಿಲ್ಲ. ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳಲ್ಲೋ ಗುಜರಿಯಲ್ಲೋ ಕಡಿಮೆಗೆ ಕೊಳ್ಳುವುದಾದರೆ ಅಳತೆಗಳನ್ನು ನೀವೇ ತಿಳಿದಿರಬೇಕು. "ಎಲ್ಲಾ ಒಂದೇ ಸಾರ್, ಕೂರುತ್ತೆ" ಎಂಬ ಮಾತನ್ನು ನಂಬಿ ಹಣ ಎಣಿಸಬೇಡಿ.

ಮೊದಲ ಅಳತೆ ನಟ್ಟುಗಳ ಸುತ್ತಳತೆ. ನಾಲ್ಕು ನಟ್ಟಿನ ಚಕ್ರದಲ್ಲಿ ಎದುರುಬದುರಾದ ಎರಡು ತೂತುಗಳ ನಡುಬಿಂದುವಿನಿಂದ ನಡುಬಿಂದುವಿಗೆ ಟೇಪು ಹಿಡಿಯಿರಿ. ಹಲವು ಚಿಕ್ಕ ಕಾರುಗಳಲ್ಲಿ ಇದು 100 ಮಿ.ಮೀ. ಐದು ನಟ್ಟಿನದಾದರೆ ಎದುರಿಗೆ ತೂತು ಇರುವುದಿಲ್ಲ. ಅಕ್ಕಪಕ್ಕದ ಎರಡು ತೂತುಗಳ ನಡುವಿನ ಅಂತರವನ್ನು 1.7ರಿಂದ ಗುಣಿಸಿದರೆ ಅಳತೆ ಸಿಗುತ್ತದೆ. 67 ಮಿ.ಮೀ. ಇದ್ದರೆ ಅದು 114.3ರ ಚಕ್ರ, ದೊಡ್ಡ ಕಾರುಗಳಲ್ಲಿ ಸಾಮಾನ್ಯ.

ನಟ್ಟು ಹೊಂದಿದರೆ ಸಾಲದು. ಚಕ್ರದ ನಟ್ಟನಡುವಿನ ದೊಡ್ಡ ತೂತು ಕಾರಿನ ಹಬ್ಬಿನ ಮೇಲೆ ಕೂರಬೇಕು. ಮಾರುತಿ ಚಿಕ್ಕ ಕಾರುಗಳಲ್ಲಿ ಇದು 54.1 ಮಿ.ಮೀ., ಹೋಂಡಾದಲ್ಲಿ 56.1. ಎರಡಕ್ಕೂ ನಾಲ್ಕು ನಟ್ಟು, 100ರ ಸುತ್ತಳತೆಯೇ ಇದ್ದರೂ ಮಾರುತಿ ಡಿಸ್ಕ್ ಹೋಂಡಾಕ್ಕೆ ಏರುವುದಿಲ್ಲ. ನಟ್ಟಿನ ಮರೆಯೂ ಬೇರೆ. ಮಾರುತಿಯದು 12 ಮಿ.ಮೀ. ದಪ್ಪಕ್ಕೆ 1.25ರ ಮರೆ, ಹೋಂಡಾ, ಹ್ಯುಂಡೈಗಳದು 1.5. ಒಂದರ ನಟ್ಟನ್ನು ಇನ್ನೊಂದಕ್ಕೆ ಬಲವಂತದಿಂದ ತಿರುಗಿಸಿದರೆ ಹಬ್ಬಿನ ಬೋಲ್ಟೇ ಹಾಳು.

ನಿಮ್ಮ ಕಾರಿಗೆ ಅಲಾಯ್ ಚಕ್ರವಿದ್ದು ಸ್ಟೆಪ್ನಿ ಕಬ್ಬಿಣದ ಡಿಸ್ಕ್ ಆಗಿದ್ದರೆ ನಟ್ಟಿನ ತುದಿ ಆ ಡಿಸ್ಕಿನ ಕುಳಿಯಲ್ಲಿ ಸರಿಯಾಗಿ ಕೂರುತ್ತದೆಯೇ ನೋಡಿ. ಸ್ಕೋಡಾ, ಫೋಕ್ಸ್‌ವ್ಯಾಗನ್‌ಗಳಲ್ಲಿ ನಟ್ಟಿನ ಬದಲು ಬೋಲ್ಟುಗಳು. ಇಂಥ ಕಾರಿಗೆ ಡಿಸ್ಕಿಗೆ ತಕ್ಕ ಬೋಲ್ಟಿನ ಸೆಟ್ಟನ್ನೇ ಕೇಳಿ ಪಡೆದು ಸ್ಟೆಪ್ನಿ ಜತೆಗೇ ಕಟ್ಟಿಡಿ. ಬೋಲ್ಟು ಉದ್ದವಾದರೆ ಒಳಗೆ ಬ್ರೇಕಿನ ಭಾಗಕ್ಕೆ ತಾಗಬಹುದು, ಗಿಡ್ಡವಾದರೆ ಹಿಡಿತ ಸಾಲದು.

ಇನ್ನು ಟಯರು. ಅಗಲ ಸ್ವಲ್ಪ ಕಡಿಮೆಯಾದರೆ ತೊಂದರೆಯಿಲ್ಲ, ಒಟ್ಟು ಎತ್ತರ ಹತ್ತಿರ ಇರಬೇಕು. 185/65 ಆರ್ 15 ಎಂದರೆ ಟಯರಿನ ಅಗಲ 185 ಮಿ.ಮೀ., ಪಕ್ಕೆಯ ಎತ್ತರ ಅದರ ಶೇಕಡ 65, ರಿಮ್ಮು 15 ಇಂಚು. ಪಕ್ಕೆ 120 ಮಿ.ಮೀ., ಮೇಲೆ ಕೆಳಗೆ ಸೇರಿ 240. ರಿಮ್ಮು 381. ಒಟ್ಟು ಸುಮಾರು 621. ಅದೇ ರೀತಿ 165/80 ಆರ್ 14ಕ್ಕೆ ಲೆಕ್ಕ ಹಾಕಿದರೆ ಸುಮಾರು 620 ಬರುತ್ತದೆ. ಬೆರಳಿನ ಉಗುರಿನಷ್ಟೂ ವ್ಯತ್ಯಾಸವಿಲ್ಲ. ಅದಕ್ಕೇ ಸ್ವಿಫ್ಟ್‌ನಂಥ ಕಾರಿನ ಮೇಲ್ದರ್ಜೆಗೆ 15 ಇಂಚಿನ ಅಲಾಯ್ ಕೊಟ್ಟು ಸ್ಟೆಪ್ನಿಗೆ 14 ಇಂಚಿನದು ಇಡಲು ಸಾಧ್ಯವಾಯಿತು. 165/70 ಆರ್ 14 ಆದರೆ 587ಕ್ಕೆ ಇಳಿಯುತ್ತದೆ. ಮೂವತ್ತು ಮಿ.ಮೀ.ಗೂ ಹೆಚ್ಚಿನ ಈ ಅಂತರದಲ್ಲಿ ಕಾರು ಒಂದು ಕಡೆಗೆ ವಾಲಿ, ಎಬಿಎಸ್ ದೀಪ ಹತ್ತಿ, ಗೇರುಪೆಟ್ಟಿಗೆಗೂ ಶ್ರಮ.

ಭಾರ ಹೊರುವ ಶಕ್ತಿಯನ್ನೂ ಟಯರಿನ ಮೇಲೆಯೇ ಬರೆದಿರುತ್ತಾರೆ. ಅಳತೆಯ ಮುಂದಿರುವ 82 ಎಂದರೆ 475 ಕೆ.ಜಿ., 84 ಎಂದರೆ 500, 88 ಎಂದರೆ 560, 91 ಎಂದರೆ 615. ಎಲೆಕ್ಟ್ರಿಕ್ ಕಾರು ಬ್ಯಾಟರಿಯಿಂದಾಗಿ ಭಾರ. ಕಾರಿನ ಟಯರಿನ ಸಂಖ್ಯೆಗಿಂತ ಕಡಿಮೆಯದನ್ನು ತರಬೇಡಿ. ಹಳೆಯ ಟಯರಾದರೆ ಪಕ್ಕೆಯ ಮೇಲಿನ ನಾಲ್ಕಂಕಿ ಹುಡುಕಿ. 2319 ಎಂದಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಗುಂಡಿ ಚೆನ್ನಾಗಿದೆ, ಸವೆದಿಲ್ಲ ಎಂದು ಗುಜರಿಯವನು ತೋರಿಸುವ ಟಯರಿನ ಪಕ್ಕೆಯಲ್ಲಿ ಸಣ್ಣ ಬಿರುಕುಗಳಿದ್ದರೆ ಅಲ್ಲಿಯೇ ಬಿಟ್ಟು ಬನ್ನಿ.

ಕಾಗದದ ಮೇಲೆ ಎಲ್ಲ ಹೊಂದಿದರೂ ಅಂಗಡಿಯಲ್ಲಿಯೇ ಒಮ್ಮೆ ಮುಂದಕ್ಕೂ ಒಮ್ಮೆ ಹಿಂದಕ್ಕೂ ಹಾಕಿಸಿ ಕೈಯಿಂದ ಸುತ್ತಿಸಿ ನೋಡಿ. 14 ಇಂಚಿನ ಡಿಸ್ಕ್ ಮುಂದಿನ ಬ್ರೇಕಿನ ಕ್ಯಾಲಿಪರಿಗೆ ಉಜ್ಜಿದರೆ ಅದು ನಿಮ್ಮ ಕಾರಿಗಲ್ಲ. ಸ್ಟಿಯರಿಂಗನ್ನು ಎರಡೂ ಬದಿಗೆ ಪೂರ್ತಿ ತಿರುಗಿಸಿ ಒಳಗೆಲ್ಲೂ ತಾಗದಿರುವುದನ್ನೂ ನೋಡಿ.

ಜಾಕ್ ವಿಷಯಕ್ಕೆ ಬಂದರೆ, ಚಿಕ್ಕ ಕಾರಿಗೆ ಕತ್ತರಿಯಂತೆ ಮಡಚುವ ಒಂದು ಟನ್ನಿನ ಜಾಕ್ ಸಾಕು. ಲಾರಿ, ಟ್ರ್ಯಾಕ್ಟರಿಗೆ ಬಳಸುವ ಬಾಟಲಿ ಜಾಕ್ ಬಲವಾದದ್ದೇ, ಆದರೆ ಟಯರು ಕೂತ ಕಾರಿನಡಿ ಅದು ತೂರುವುದೇ ಇಲ್ಲ. ಗಾಳಿ ಪೂರ್ತಿ ಹೋದಾಗ ಕಾರಿನ ಅಂಚು ನೆಲದಿಂದ ಎಷ್ಟು ಎತ್ತರದಲ್ಲಿರುತ್ತದೆ ಎಂದು ಅಳೆದು ಅದಕ್ಕಿಂತ ಕೆಳಗೆ ಮಡಚುವ ಜಾಕ್ ಕೊಳ್ಳಿ. ಬಾಗಿಲ ಕೆಳಗಿನ ತಗಡಿನ ಅಂಚಿನಲ್ಲಿ ಪ್ರತಿ ಚಕ್ರದ ಬಳಿ ಎರಡು ಕಚ್ಚು ಇರುತ್ತವೆ. ಜಾಕಿನ ತಲೆ ಅವುಗಳ ನಡುವೆಯೇ ಕೂರಬೇಕು. ಕೆಲವು ಕಾರುಗಳಲ್ಲಿ ಈ ಜಾಗ ಬೇರೆ ಕಡೆ ಇರುವುದರಿಂದ ಕೈಪಿಡಿ ನೋಡಿ. ಎಲೆಕ್ಟ್ರಿಕ್ ಕಾರಿನಲ್ಲಂತೂ ಈ ಜಾಗ ಬಿಟ್ಟು ಬೇರೆಲ್ಲೂ ಕೊಡಕೂಡದು. ಅಡಿಯಲ್ಲಿರುವುದು ಬ್ಯಾಟರಿ.

ಜತೆಗೆ ಒಂದು ಅಡಿ ಉದ್ದದ ದಪ್ಪ ಹಲಗೆ ಇಟ್ಟುಕೊಳ್ಳಿ. ಮಳೆಗಾಲದಲ್ಲಿ ರಸ್ತೆ ಪಕ್ಕದ ಕೆಂಪು ಮಣ್ಣಿನಲ್ಲಿ ಜಾಕ್ ಎತ್ತುವುದಿಲ್ಲ, ತಾನೇ ಹೂತುಕೊಳ್ಳುತ್ತದೆ. ಚಕ್ರಕ್ಕೆ ಒಡ್ಡಲು ಎರಡು ಮರದ ಬೆಣೆ, ಒಂದು ಟಾರ್ಚು, ಪ್ರತಿಫಲಿಸುವ ತ್ರಿಕೋನವೂ ಇರಲಿ. ಪಾನಾ ಕೊಳ್ಳುವಾಗ ನಿಮ್ಮ ನಟ್ಟಿಗೆ ಹಾಕಿ ನೋಡಿ. ಮಾರುತಿಗೆ 19, ಹ್ಯುಂಡೈಗೆ 21. ನಾಲ್ಕು ಬಾಯಿಯ ಅಡ್ಡ ಪಾನಾ ಆದರೆ ಎರಡೂ ಕೈ ಹಾಕಿ ಒತ್ತಬಹುದು, ಹೆಂಗಸರಿಗೂ ವಯಸ್ಸಾದವರಿಗೂ ಅದೇ ಅನುಕೂಲ. ಅಲಾಯ್ ಕಳುವಾಗದಂತೆ ಲಾಕ್ ನಟ್ಟು ಹಾಕಿಸಿದ್ದರೆ ಅದರ ಕೀಲಿ ಮನೆಯ ಬೀರುವಿನಲ್ಲಲ್ಲ, ಕಾರಿನಲ್ಲಿರಬೇಕು.

ಇದನ್ನೆಲ್ಲ ಇಡುವುದೆಲ್ಲಿ? ಡಿಕ್ಕಿಯಲ್ಲಿ ಗುಂಡಿ ಇದ್ದರೆ ಥರ್ಮಕೋಲ್ ತಟ್ಟೆ ತೆಗೆದು ಚಕ್ರ ಮಲಗಿಸಿ ನಡುವೆ ಉದ್ದ ಬೋಲ್ಟು ಬಿಗಿಯಬಹುದು. ಗುಂಡಿ ಇಲ್ಲದ ಕಡೆ ಚಕ್ರವನ್ನು ಹಿಂದಿನ ಸೀಟಿನ ಬೆನ್ನಿಗೆ ಒತ್ತಿ ಮಲಗಿಸಿ, ಡಿಕ್ಕಿಯ ನೆಲದ ಕಬ್ಬಿಣದ ಕೊಂಡಿಗಳಿಗೆ ಲಗೇಜು ಬಿಗಿಯುವ ಪಟ್ಟಿಯಿಂದ ಕಟ್ಟಬೇಕು. ಸುಮ್ಮನೆ ಇಟ್ಟು ಹೋಗುವುದು ಅಪಾಯ. ಘಾಟಿಯಲ್ಲಿ ಆನೆ ಎದುರಾಗಿ ಬ್ರೇಕು ಒತ್ತಿದಾಗ ಅಷ್ಟು ಭಾರದ ಚಕ್ರ ಹಿಂದಿನ ಸೀಟಿನಲ್ಲಿ ಕೂತ ಮಕ್ಕಳ ಬೆನ್ನಿಗೆ ಬರುತ್ತದೆ. ಸಿ.ಎನ್.ಜಿ. ಕಾರಿನಲ್ಲಿ ಸಿಲಿಂಡರಿನ ಬ್ರಾಕೆಟ್ಟಿಗೋ ಪೈಪಿಗೋ ಪಟ್ಟಿ ಕಟ್ಟಬೇಡಿ, ವಾಲ್ವಿಗೆ ಚಕ್ರ ಅಡ್ಡ ಬರಬಾರದು. ಟಾಟಾ ಕಂಪನಿ 2023ರಲ್ಲಿ ಆಲ್ಟ್ರೋಜ್ ಕಾರಿಗೆ ಒಂದು ದೊಡ್ಡ ಸಿಲಿಂಡರಿನ ಬದಲು ಎರಡು ಚಿಕ್ಕವನ್ನಿಟ್ಟು ಸ್ಟೆಪ್ನಿಯನ್ನು ಕಾರಿನಡಿಗೆ ನೇತುಹಾಕಿತು. ಅದು ಕಾರ್ಖಾನೆಯ ವಿನ್ಯಾಸ. ನೀವು ಹಾಗೆ ಬೆಸುಗೆ ಹಾಕಿಸಿ ನೇತುಹಾಕಲು ಹೋಗಬೇಡಿ. ಡಿಕ್ಕಿಯೊಳಗೆ ಚಕ್ರ ಒಯ್ಯುವುದರಿಂದ ಆರ್‌ಸಿ ಪುಸ್ತಕದ ವಿವರ ಯಾವುದೂ ಬದಲಾಗುವುದಿಲ್ಲ. ಹಿಂಬಾಗಿಲಿಗೆ ಹೊರಗಡೆ ಚಕ್ರ ಕಟ್ಟಿದರೆ ನಂಬರ್ ಪ್ಲೇಟ್ ಮರೆಯಾಗಿ ಗಡಿಯ ಎರಡೂ ಬದಿಯ ಪೊಲೀಸರಿಗೆ ಉತ್ತರ ಹೇಳಬೇಕು.

ಎಲ್ಲ ತಂದ ಮೇಲೆ ಒಂದು ಭಾನುವಾರ ಮನೆಯಂಗಳದಲ್ಲಿ, ಕಾರು ಓಡಿಸುವ ಎಲ್ಲರೂ ಒಂದೊಂದು ಸಲ ಚಕ್ರ ಬದಲಿಸಿ ನೋಡಲಿ. ಹ್ಯಾಂಡ್‌ಬ್ರೇಕು, ಗೇರು ಹಾಕಿ, ಎದುರು ಮೂಲೆಯ ಚಕ್ರಕ್ಕೆ ಬೆಣೆ ಕೊಟ್ಟು, ಕಾರು ಎತ್ತುವ ಮೊದಲೇ ನಟ್ಟುಗಳನ್ನು ಸಡಿಲಿಸಿ. ಅಂಗಡಿಯಲ್ಲಿ ಗಾಳಿ ಯಂತ್ರದಿಂದ ಬಿಗಿದ ನಟ್ಟು ಕೈ ಪಾನಾಕ್ಕೆ ಜಗ್ಗುವುದಿಲ್ಲ ಎಂಬುದು ಆಗಲೇ ಗೊತ್ತಾಗುವುದು. ಜಗ್ಗದಿದ್ದರೆ ಅಂಗಡಿಗೇ ಹೋಗಿ ಸಡಿಲಿಸಿ ಕೈಯಿಂದ ಬಿಗಿಸಿಕೊಳ್ಳಿ. ಎತ್ತಿದ ಕಾರಿನಡಿ ಕೈಯಾಗಲಿ ತಲೆಯಾಗಲಿ ಹೋಗದಿರಲಿ. ತೆಗೆದ ಚಕ್ರವನ್ನು ಕಾರಿನಡಿಗೆ ಮಲಗಿಸಿದರೆ ಜಾಕ್ ಜಾರಿದರೂ ಕಾರು ಅದರ ಮೇಲೆ ಕೂರುತ್ತದೆ. ಹೊಸ ಚಕ್ರ ಹಾಕುವಾಗ ನಟ್ಟುಗಳನ್ನು ಎದುರುಬದುರಾಗಿ ಬಿಗಿಯಿರಿ, ಕಾರು ಇಳಿಸಿದ ಮೇಲೆ ಪೂರ್ತಿ ಬಿಗಿ ಮಾಡಿ. ಐವತ್ತು ಕಿ.ಮೀ. ಓಡಿದ ಮೇಲೆ ಇನ್ನೊಮ್ಮೆ ಪಾನಾ ಹಾಕಿ ನೋಡಿ.

ಕಾಡಿನ ನಡುವೆಯೇ ಟಯರು ಕೂತರೆ ಅಲ್ಲೇ ಇಳಿದು ಕೆಲಸಕ್ಕೆ ತೊಡಗುವುದು ಬೇಡ. ನಡಿಗೆಯ ವೇಗದಲ್ಲಿ ಚೆಕ್‌ಪೋಸ್ಟಿನವರೆಗೋ ಬಯಲು ಸಿಗುವವರೆಗೋ ಉರುಳಿಸಿಕೊಂಡು ಹೋಗಿ. ಟಯರು ಚಿಂದಿಯಾಗಬಹುದು, ರಿಮ್ಮೂ ಹೋಗಬಹುದು, ಹೋಗಲಿ. ತಿರುವಿನಲ್ಲಂತೂ ನಿಲ್ಲಿಸಲೇಬೇಡಿ.

ಸ್ಟೆಪ್ನಿಯ ಅಳತೆ ಬೇರೆಯಾಗಿದ್ದರೆ 80 ಕಿ.ಮೀ. ವೇಗ ಮೀರಕೂಡದು. ಡಿಸ್ಕಿನ ಮೇಲೆ ಹಳದಿ ಚೀಟಿ ಅಂಟಿಸಿರುವುದು ಅದಕ್ಕೇ. ಅದರಲ್ಲಿ ಸೆನ್ಸರ್ ಇಲ್ಲದಿದ್ದರೆ ಡ್ಯಾಶ್‌ಬೋರ್ಡಿನ ಟಯರ್ ದೀಪ ಹತ್ತಿಯೇ ಇರುತ್ತದೆ, ಗಾಬರಿ ಬೇಡ. ಆ ದೀಪ ಡಿಕ್ಕಿಯಲ್ಲಿ ಮಲಗಿರುವ ಚಕ್ರದ ಗಾಳಿಯನ್ನು ನೋಡುವುದೂ ಇಲ್ಲ. ತಿಂಗಳಿಗೊಮ್ಮೆ ಬಂಕಿನಲ್ಲಿ ನಾಲ್ಕು ಚಕ್ರಕ್ಕೆ ಗಾಳಿ ಹಿಡಿಸುವಾಗ ಡಿಕ್ಕಿ ತೆಗೆದು ಐದನೆಯದಕ್ಕೂ ಹಿಡಿಸಿ. ಸಾಮಾನ್ಯ ಟಯರಾದರೆ ಉಳಿದವಕ್ಕಿಂತ ಎರಡು ಮೂರು ಪಾಯಿಂಟ್ ಹೆಚ್ಚೇ ಇರಲಿ. ಅಳತೆಯ ಮೊದಲು ಇಂಗ್ಲಿಷಿನ 'ಟಿ' ಅಕ್ಷರ ಇರುವ ತೆಳ್ಳನೆಯ ತಾತ್ಕಾಲಿಕ ಟಯರಾದರೆ ಅದಕ್ಕೆ ಸಾಮಾನ್ಯವಾಗಿ 60 ಪಾಯಿಂಟ್ ಬೇಕು. ಬಂಕಿನ ಹುಡುಗ 33 ಹಿಡಿದು ಮುಚ್ಚಳ ಹಾಕುವ ಮೊದಲು ಅವನಿಗೆ ಹೇಳಿ.